ಗ್ರಿಮ್ಸ್‌ಬಿಯಲ್ಲಿ ಗುರೆಳ್ಳು

ಆಸ್ಪತ್ರೆಯ ಬಟ್ಟೆ ಒಗೆಯುವ ಈ ಶೆಡ್ಡಿನಲ್ಲಿ
ಹನ್ನೆರಡೂವರೆಗೆ ಯಂತ್ರಗಳು ಉಸಿರು ಬಿಡುತ್ತವೆ.
ಉದ್ದ ಮೇಜು. ಕೆಟಲ್. ಬಿಟ್ಟುಹೋದ ಯಾರದೋ ಹೆಸರಿನ ಮಗ್ಗು.
ನಾನು ಡಬ್ಬಿ ಬಿಚ್ಚಿದೆ:
ಖಡಕ್ ರೊಟ್ಟಿ, ಬಟ್ಟಲಲ್ಲಿ ಮೊಸರು,
ಗದಗಿನಿಂದ ಅಕ್ಕ ಕುಟ್ಟಿ ಕಳಿಸಿದ ಗುರೆಳ್ಳು ಹಿಂಡಿ,
ಬೆಳ್ಳುಳ್ಳಿ ಬೆರೆತ ಕಪ್ಪು.

ಯಾರೂ ಏನೂ ಅನ್ನಲಿಲ್ಲ.
ಕ್ರೇಗ್ ಎದ್ದು ಹೋಗಿ ಕಿಟಕಿ ತೆರೆದ, ಅಷ್ಟೆ.

ತೆರೆದ ಕಿಟಕಿಯಿಂದ ಒಳಗೆ ಬಂದದ್ದು
ಬಂದರಿನ ಮೀನುವಾಸನೆ.
ಊರಿಗೆ ಊರೇ ಅದನ್ನು ಹೊದ್ದು ಮಲಗುತ್ತದೆ,
ಗಾಳಿ ಅನ್ನುತ್ತದೆ ಅದಕ್ಕೆ.

ನನಗೆ ಸಿಟ್ಟು ಬರಬೇಕಿತ್ತು.
ಬಂದವಳು ಶೇವಂತಿ ಹರಿಕಂತ್ರ.

ಧಾರವಾಡದ ಹಾಸ್ಟೆಲ್ಲು, ಮೂವರ ಕೋಣೆ.
ಕಾರವಾರದಿಂದ ಅವಳು ತಂದಿದ್ದ
ಒಣಸಿಗಡಿ ಚಟ್ನಿಯ ಬಾಟಲಿ.
ಮೂಗಿಗೆ ದುಪಟ್ಟಾ ಹಿಡಿದವಳು ನಾನು.
"ಮೆಟ್ಟಿಲ ಮೇಲೆ ಕೂತು ತಿನ್ನು" ಅಂದವಳು ಇನ್ನೊಬ್ಬಳು,
ಹಾಗಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.
ಎರಡು ವರ್ಷ ಮೆಟ್ಟಿಲ ಮೇಲೆ ಉಂಡಳು.
ಮಳೆ ಬಂದರೆ ಒಂದು ಮೆಟ್ಟಿಲು ಮೇಲೆ.

ಹೇಜಲ್ ಕುರ್ಚಿ ಎಳೆದು ಪಕ್ಕ ಕೂತಳು.
ಅರವತ್ತು ದಾಟಿದವಳು, ಇಸ್ತ್ರಿಯ ಹಬೆಗೆ ಕೆಂಪಾದ ಕೈ.
"ಏನಿದು?" ಅನ್ನಲಿಲ್ಲ.
"ಹೇಗೆ ತಿನ್ನೋದು ಇದನ್ನ?" ಅಂದಳು.
ಮೊದಲನೆಯದು ಮೆಟ್ಟಿಲಿಗೆ ಕಳಿಸುತ್ತದೆ,
ಎರಡನೆಯದು ಮಣೆ ಹಾಕುತ್ತದೆ.

ಮುರಿದು ಕೊಟ್ಟೆ.
ಹಿಂಡಿ ನೆತ್ತಿಗೇರಿ ಕೆಮ್ಮಿದಳು,
ಕಣ್ಣಲ್ಲಿ ನೀರು, ನನ್ನ ಮೊಸರು ಪೂರ್ತಿ ಖಾಲಿ.
"ನಮ್ಮಪ್ಪನ ಒಲೆಯ ಬೂದಿ ಇದು" ಅಂದು
ಇನ್ನೊಂದು ಚೂರಿಗೆ ಕೈ ಚಾಚಿದಳು.

ಆಮೇಲೆ ತನ್ನ ಮಾರ್ಮೈಟ್ ಬಾಟಲಿ ನೂಕಿದಳು ನನ್ನ ಕಡೆ.
ಕನ್ನಡಕ ಏರಿಸಿ, ಚೀಟಿ ತಿರುಗಿಸಿ ಓದಿದಳು:
ಮಾಂಸ ಇಲ್ಲ, ಹೆದರಬೇಡ.
ನೆಕ್ಕಿದೆ. ಗಾಡಿಯ ಕೀಲೆಣ್ಣೆಗೆ ಉಪ್ಪು ಕಲಸಿದ ಹಾಗೆ.
ಹಿಡಿಸಲಿಲ್ಲ. ಇವತ್ತಿಗೂ ಹಿಡಿಸಿಲ್ಲ.
ನನ್ನ ಮುಖ ನೋಡಿ ಅವಳು ನಕ್ಕಳು,
ಕ್ರೇಗ್ ಕೂಡ, ಮಗ್ಗಿನ ಹಿಂದೆ.
ಕಿಟಕಿ ಮಾತ್ರ ತೆರೆದೇ ಇತ್ತು, ಚಳಿ.

ಸಂಜೆ ಬಂದರಿನ ದಾರಿ ಹಿಡಿದೆ.
ಐಸು ತುಂಬಿದ ಪೆಟ್ಟಿಗೆಗಳು, ಜಗಳಾಡುವ ಕಡಲಹಕ್ಕಿಗಳು.
ಕೊರಳಲ್ಲಿ ದುಪಟ್ಟಾ ಇರಲಿಲ್ಲ. ಇದ್ದಿದ್ದರೆ?
ಗೊತ್ತಿಲ್ಲ.

ಶೇವಂತಿ, ಈಗ ಯಾವ ಊರಲ್ಲಿದ್ದೀಯೋ.
ಅನ್ನಕ್ಕೋ, ಗಂಜಿಗೋ,
ಅದನ್ನು ಹೇಗೆ ತಿನ್ನುತ್ತಿದ್ದೆ ನೀನು?