ಮೂರು ವಾರದ ಅಂದಾಜು

ಖ್ವಾಯ್ ನದಿಯ ದಂಡೆ. ಕ್ಯಾಂಪಿನ ಅಡುಗೆಮನೆಯ ಹಿಂದೆ
ಮೊಕುಚುಮೊ ಮರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದರು
ಒಂದು ಗೇಣುದ್ದದ ಗಾಜು, ಒಳಗೆ ಕೆಂಪು ಗೆರೆ.
ಬೆಳಗಿನ ಐದಕ್ಕೆ, ಮಧ್ಯಾಹ್ನ ಎರಡಕ್ಕೆ
ಓದಿ ಬರೆಯುವುದು ಕೆಲೆಬೋನ್ಯೆಯ ಪಾಲು:
ಹಾಸಿಗೆ ಮಡಿಸುವುದಕ್ಕೆ, ಲಾಟೀನು ಒರೆಸುವುದಕ್ಕೆ
ಸಂಬಳವಿಲ್ಲದೆ ಅಂಟಿಕೊಂಡ ಕೆಲಸ.

ಜೂನ್ ಪುಟ ನೋಡಿ:
ನಾಲ್ಕು. ಮೂರು. ಐದು. ಮತ್ತೆ ಮೂರು.
ಒಂದು ದಿನ ಸೊನ್ನೆ, ಪಕ್ಕದಲ್ಲಿ ಪೆನ್ನು ನಡುಗಿದ ಗೀಟು.
ಅವಳ ಮಾತಿನಲ್ಲಿ ಜೂನಿಗೆ ಸೆಎಟೆಬೊಸಿಗೊ ಎಂದು ಹೆಸರು,
ರಾತ್ರಿ ಹೊರಡಬೇಡ ಅಂತ ಅರ್ಥ.
ಹೆಸರಿನಲ್ಲಿ ಬುದ್ಧಿಮಾತಿದೆ, ಅಂಕಿಯಲ್ಲಿ ಇಲ್ಲ.
ಆದರೂ ಹೊರಡುತ್ತಾರೆ ಪ್ರವಾಸಿಗರು, ಕತ್ತಲಿರುವಾಗಲೇ,
ತೆರೆದ ಜೀಪಿನಲ್ಲಿ,
ಅವಳು ತುಂಬಿಕೊಟ್ಟ ಬಿಸಿನೀರಿನ ರಬ್ಬರ್ ಚೀಲದ ಮೇಲೆ
ಕಾವಿಗೆ ಕೂತ ಕೋಳಿಯಂತೆ ಮುದುಡಿಕೊಂಡು.
"ಆಫ್ರಿಕಾದಲ್ಲೂ ಚಳಿಯೇ?" ಹಲ್ಲು ಕಟಕಟಿಸಿ ಕೇಳಿದವನಿಗೆ
ಮೊಲೋಕಿ ಸ್ಟೀರಿಂಗ್ ಬಿಡದೆ ಹೇಳಿದ,
"ಸಿಂಹವೂ ಹಾಗೇ ಕೇಳುತ್ತಿದೆ, ಸರ್."

ಆಗಲೇ ನೀರು ಬರುವುದು, ಹನಿ ಮಳೆಯಿಲ್ಲದ ತಿಂಗಳಲ್ಲಿ.
ಅಂಗೋಲಾದ ಗುಡ್ಡಗಳಲ್ಲಿ ಯಾವತ್ತೋ ಸುರಿದದ್ದು
ನೆಲ ನೆಕ್ಕುತ್ತ, ಬೆರಳು ಬೆರಳಷ್ಟೇ ಮುಂದೆ ಸರಿದು,
ಒಣಹುಲ್ಲಿನ ಬುಡದ ಇರುವೆಗಳನ್ನು ಎಬ್ಬಿಸುತ್ತದೆ.
ರಿಜಿಸ್ಟರಿನಲ್ಲಿ ಅದಕ್ಕೆ ಖಾನೆ ಇಲ್ಲ.
ಅಂಚಿನಲ್ಲಿ ಬರೆದಿದ್ದಾಳೆ: ಇವತ್ತು ಮೆಟ್ಟಿಲ ತನಕ.

ಆಗಸ್ಟಿಗೆ ಗಾಳಿ, ಅನ್ನದಲ್ಲಿ ಧೂಳು.
ಸೆಪ್ಟೆಂಬರಿಗೆ ಕಂಬಳಿಗಳು ಪೆಟ್ಟಿಗೆ ಸೇರಿದವು.
ಅಕ್ಟೋಬರ್ ಬಾಗಿಲು ತಟ್ಟದೆ ಒಳಗೆ ಬಂತು:
ಮೂವತ್ತೆಂಟು, ನಲವತ್ತು, ನಲವತ್ತೊಂದು.
ಆನೆ ಕಿವಿ ಬೀಸಿದ್ದು ಅಡುಗೆಮನೆಗೆ ಕೇಳಿಸುವಷ್ಟು ಸ್ತಬ್ಧ.
ಅಂಥದೊಂದು ಮಧ್ಯಾಹ್ನ ಬಬೂನೊಂದು ಇಳಿದು ಬಂದು
ಗಾಜು ಕಿತ್ತಿತು, ನೆಕ್ಕಿ ನೋಡಿತು,
ತಲೆಕೆಳಗು ಹಿಡಿದು ಓದಿದ ಹಾಗೆ ಮಾಡಿತು,
ಮೇಲಿನ ಕೊಂಬೆಗೆ ಹೋಗಿ, ಬೇಸರ ಬಂದು, ಕೈಬಿಟ್ಟಿತು.

ಮೌನ್ ಪಟ್ಟಣದ ಕಚೇರಿ ರೇಡಿಯೋದಲ್ಲಿ ಹೇಳಿತು:
ಹೊಸತು ಬರಲು ಮೂರು ವಾರ.
ಖಾನೆ ಮಾತ್ರ ಖಾಲಿ ಬಿಡಬೇಡ.

ಬಿಡಲಿಲ್ಲ.
ಮೇಜಿನ ಮೇಲಿನ ಬೆಣ್ಣೆ ಆಕಾರ ಬಿಟ್ಟರೆ ಮೂವತ್ತೈದು.
ಮೇಣದಬತ್ತಿ ಹಳೆಯ ಗುಮಾಸ್ತನ ಹಾಗೆ ಬಾಗಿದರೆ ಮೂವತ್ತೆಂಟು.
ಟೆಂಟಿನ ಝಿಪ್ಪು ಬೆರಳಿಗೆ ಚುರುಕ್ ಅಂದರೆ ನಲವತ್ತು.
ಮೊಲೋಕಿ, ಆ ವಾಚಾಳಿ, ಮಾತಿಲ್ಲದೆ ಉಂಡೆದ್ದರೆ
ನಲವತ್ತೆರಡು.
ಬೆಳಗಿನದನ್ನು ಕೆನ್ನೆಗೆ ಒಪ್ಪಿಸಿದಳು.
ತಗಡಿನ ಬಕೆಟ್ಟಿಗೆ ಒತ್ತಿ, ಕಣ್ಣು ಮುಚ್ಚಿ,
ಮಗುವಿಗೆ ಜ್ವರವಿದೆಯೇ ಎಂದು ನೋಡುವಂತೆ:
ಇಪ್ಪತ್ತಮೂರು. ಇರಲಿ, ಇಪ್ಪತ್ತನಾಲ್ಕು.

ರಾತ್ರಿ ಸಿಗ್ನಲ್ ಸಿಗುವ ಗೆದ್ದಲ ಹುತ್ತ ಹತ್ತಿ ತಾಯಿಗೆ ಫೋನು.
ಅಲ್ಲಿ ಎಷ್ಟು ಡಿಗ್ರಿ ಎಂದು ತಾಯಿ ಕೇಳಿದವಳೇ ಅಲ್ಲ.
ಅವಳದು ಒಂದೇ ಪ್ರಶ್ನೆ: "ಪುಲಾ?"
ಮಳೆಗೂ ಅದೇ ಹೆಸರು, ಸಂಬಳದ ನೋಟಿಗೂ ಅದೇ,
ಒಳ್ಳೆಯದಾಗಲಿ ಅನ್ನುವುದಕ್ಕೂ.
"ಎರಡೂ ಇಲ್ಲ," ಎಂದು ನಕ್ಕಳು ಇವಳು.
"ಇಂಪಾಲಗಳು?"
"ಹೊಟ್ಟೆ ಹೊತ್ತು ನಿಂತಿವೆ."
"ಹಾಗಾದರೆ ಬರುತ್ತದೆ ಬಿಡು."

ಹೊಸ ಗಾಜು ಬಂದದ್ದು ನವೆಂಬರ್ ಹನ್ನೊಂದಕ್ಕೆ.
ಮೊಳೆಗೆ ಸಿಕ್ಕಿಸುವ ಮೊದಲೇ ಬರೆದುಬಿಟ್ಟಳು: ನಲವತ್ತು.
ಮೊಲೋಕಿ, ಅಡುಗೆಯ ಟಿರೆಲೋ, ಅವಳು
ಹತ್ತು ಹತ್ತು ಪುಲಾ ಪಣ ಕಟ್ಟಿ ನೆರಳಲ್ಲಿ ಕಾದರು.
ಕೆಂಪು ಗೆರೆ ಏರಿತು, ಏರಿತು,
ಮೂವತ್ತೊಂಬತ್ತರಲ್ಲಿ ನಿಂತಿತು.
"ಸೋತೆ," ಅಂದ ಟಿರೆಲೋ.
"ಗಾಜು ಊರಿಗೆ ಹೊಸತು," ಅಂದಳು ಕೆಲೆಬೋನ್ಯೆ,
"ಇನ್ನೊಂದು ಡಿಗ್ರಿ ಕಲಿಯಲಿ."
ಹಣ ಕೊಡಲಿಲ್ಲ.

ಮೂರೂವರೆಗೆ ಉತ್ತರದ ಆಕಾಶ
ಪೆಟ್ಟು ತಿಂದ ಮೊಣಕಾಲಿನ ಬಣ್ಣಕ್ಕೆ ತಿರುಗಿತು.
ಮೊದಲ ಹನಿ ಮರಳಲ್ಲಿ ಒಂದು ಗುಳಿ ಮಾಡಿ ಸುಮ್ಮನಾಯಿತು.
ಆಮೇಲೆ ಎಲ್ಲ ಒಟ್ಟಿಗೆ.
ಗೆರೆ ಸರಸರ ಇಳಿಯುತ್ತಿದ್ದಾಗ ನೋಡಲು ಯಾರೂ ಇರಲಿಲ್ಲ,
ಮೂವರೂ ಅಂಗಳದಲ್ಲಿ ಬಾಯಿ ತೆರೆದು ನಿಂತಿದ್ದರು.
ಮೇಜಿನ ಮೇಲೆ ರಿಜಿಸ್ಟರು ತೆರೆದೇ ಇತ್ತು;
ಬೆಣ್ಣೆಯ ಲೆಕ್ಕ, ಕೆನ್ನೆಯ ಲೆಕ್ಕ, ಗಾಜಿನ ಲೆಕ್ಕ
ಶಾಯಿ ಕದಡಿ ಒಂದೇ ನೀಲಿಯಾದವು.

ಮರುದಿನ ಐದಕ್ಕೆ ಹೊಸ ಪುಟ:
ಹತ್ತೊಂಬತ್ತು.
ಅಂಚಿನಲ್ಲಿ: ಕಪ್ಪೆಗಳು, ಬಹಳ.