ಶಿಲುಬೆಗೆ ದುಡ್ಡಿಲ್ಲ

ಅಕ್ಷರಕ್ಕೆ ಇಷ್ಟು ಅಂತ ನನ್ನ ಲೆಕ್ಕ.
ಒತ್ತು ಬಂದರೆ ಸ್ವಲ್ಪ ಜಾಸ್ತಿ,
ನೆರಳು ಕೊಟ್ಟರೆ ಅದಕ್ಕೆ ಬೇರೆ.
ಶಿಲುಬೆಗೆ ಮಾತ್ರ ದುಡ್ಡು ಹಿಡಿದವನಲ್ಲ.
ಎರಡು ಗೆರೆ. ಅದೇನು ಅಕ್ಷರವಾ?

ರಾಬರ್ಟ್‌ಸನ್‌ಪೇಟೆಯ ಈ ಬೀದಿ ತುಂಬ ನನ್ನ ಕೈ:
ಎಬೆನೇಜರ್ ವೆಲ್ಡಿಂಗ್, ಬೇತೇಲ್ ಬಿರಿಯಾನಿ,
ಸೀಯೋನ್ ಸೈಕಲ್ ಷಾಪು, ಅದರ ಪಕ್ಕ
ಹೊಸನ್ನ ಕೋಳಿ ಅಂಗಡಿಯವನು
ರೆಕ್ಕೆ ಬಿಚ್ಚಿದ ಪಾರಿವಾಳ ಬರೆಸಿಕೊಂಡ.
ಒಳಗೆ ಬಾಯ್ಲರ್ ಕೋಳಿ, ಕಿಲೋಗೆ ನೂರು ಗ್ರಾಂ ಕಮ್ಮಿ.
ಗೊತ್ತಿದ್ದೂ ನಗುತ್ತ ಬರೆದೆ. ಹೊಟ್ಟೆಪಾಡು.

ಕರುಣಾಕರ ಬಂದದ್ದು ಗಣಿ ಮುಚ್ಚಿ
ಎಷ್ಟೋ ವರ್ಷದ ಮೇಲೆ.
ಬಿಳಿ ಷರ್ಟು, ಜೇಬಲ್ಲಿ ಎರಡು ಫೋನು,
ಹೊಸ್ತಿಲಲ್ಲೇ "ಸ್ತೋತ್ರ ಬ್ರದರ್."
ಹೆಸರು ಚಿಕ್ಕದಿರಲಿ ಅಂದ: ಕೃಪಾ ಚಿಟ್ಸ್.
ನಾಲ್ಕೇ ಅಕ್ಷರ, ಒಂದು ಒತ್ತು, ಒಂದು ವಟ್ರಸುಳಿ.
"ಮಿಕ್ಕ ಜಾಗಕ್ಕೆಲ್ಲ ಶಿಲುಬೆ. ದೊಡ್ಡದು.
ಬಸ್‌ಸ್ಟ್ಯಾಂಡಿಂದ ಕಾಣಬೇಕು."
ಪುಕ್ಕಟೆ ಅಂತ ಯಾರೋ ಹೇಳಿದ್ದರು ಅವನಿಗೆ.

ಮೂರು ಕೋಟು ಹೊಡೆದೆ, ಬಂಗಾರದ ಬಣ್ಣ.
ಈ ಊರಲ್ಲಿ ಬಂಗಾರ ಉಳಿದದ್ದು
ನನ್ನ ಡಬ್ಬಿಯಲ್ಲಿ ಮಾತ್ರ.

ಉದ್ಘಾಟನೆಗೆ ಪಾಸ್ಟರು ಗಲ್ಲಾಪೆಟ್ಟಿಗೆಗೆ ಎಣ್ಣೆ ಹಚ್ಚಿದರು.
ರಸೀದಿಯ ಅಡಿಯಲ್ಲಿ ಒಂದು ವಾಕ್ಯ,
ವಾಕ್ಯದ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ,
ತಡವಾದರೆ ನೂರಕ್ಕೆ ಮೂರು.
ಭಾನುವಾರ ಆರಾಧನೆ ಮುಗಿಸಿ
ಜನ ಚಪ್ಪಲಿ ಹುಡುಕುವ ಹೊತ್ತಿಗೆ
ಅವನ ಹುಡುಗರು ಗೇಟಲ್ಲಿ, ಪುಸ್ತಕ ಹಿಡಿದು.
ಹೊಸದಾಗಿ ಸೇರಿದವರಿಗೆ ಕುರಿಮರಿಯ ಕ್ಯಾಲೆಂಡರು.

ಎರಡು ಕ್ರಿಸ್‌ಮಸ್ ಕಳೆಯಿತು. ಮೂರನೆಯದಕ್ಕೆ
ನಕ್ಷತ್ರ ಕಟ್ಟಿದ್ದರು, ಷಟರ್ ಎತ್ತಲಿಲ್ಲ.

ಸಲೋಮಿ ಅಕ್ಕ ಮನೆಗೆ ಬಂದಳು.
ಆಸ್ಪತ್ರೆಯಲ್ಲಿ ನೆಲ ಒರೆಸುವವಳು,
ಎಷ್ಟು ತೊಳೆದರೂ ಕೈಗೆ ಫಿನಾಯಿಲ್ ವಾಸನೆ.
ನಲವತ್ತೆರಡು ಸಾವಿರ.
ಕಾರ್ಡಲ್ಲಿ ಒಂದು ತಿಂಗಳೂ ಸೀಲು ತಪ್ಪಿಲ್ಲ.
ಬೈಯಲಿಲ್ಲ. ಅಳಲೂ ಇಲ್ಲ.
"ಆ ಕರುಣಾಕರ ಯಾರು ಅಂತ ನಂಗೇನ್ ಗೊತ್ತು ಯೇಸುಪಾದ,
ನಿನ್ ಕೈಬರಹ ನೋಡ್ ಕಟ್ದೆ" ಅಂದಳು.
ಲೋಟದ ಕಾಫಿ ಹಾಗೇ ಬಿಟ್ಟು ಎದ್ದಳು.

ನಿನ್ನೆ ಹೊಸ ಬಾಡಿಗೆಯವ ಕರೆಸಿದ.
ಬೇತಮಂಗಲದ ಕಡೆಯ ಹುಡುಗ, ನವೀನ, ಹಣೆಯಲ್ಲಿ ಕುಂಕುಮ,
ಹಳೇ ಮೊಬೈಲು ಕೊಂಡು ಮಾರುವ ವ್ಯಾಪಾರ.
ಏಣಿ ಹತ್ತಿ ಟರ್ಪೆಂಟೈನ್ ಸವರಿದೆ.
ಕೃಪೆ ಒಂದೇ ಉಜ್ಜಿಗೆ ಹೋಯಿತು.
ಚಿಟ್ಸೂ ಹೋಯಿತು.
ಶಿಲುಬೆ ಹೋಗಲಿಲ್ಲ. ಮೂರು ಕೋಟು, ನನ್ನದೇ ಕೆಲಸ,
ಮೇಲೆ ಬಿಳಿ ಬಳಿದರೂ
ಅಡಿಯಿಂದ ಹಳದಿಯಾಗಿ ಎದ್ದು ಬಂತು.

"ಬಿಡಣ್ಣ, ಕ್ರಾಸ್ ಇರ್ಲಿ" ಅಂದ ಕೆಳಗಿಂದ.
"ಈ ಏರಿಯಾ ಜನ ಅದ್ ನೋಡಿದ್ರೆ ನಂಬ್ತಾರೆ.
ಇನ್ನೊಂಚೂರು ಬಣ್ಣ ಹೊಡ್ದು ಮಿಂಚೋ ಹಂಗೆ ಮಾಡು.
ಅದಕ್ಕೆ ದುಡ್ಡಿಲ್ವಂತಲ್ಲ?"

ಏಣಿಯ ಮೇಲೇ ನಿಂತಿದ್ದೆ.
ದೂರಕ್ಕೆ ಸೈನೈಡ್ ದಿಬ್ಬ, ಬಿಸಿಲಿಗೆ ಬೂದಿ ಬಣ್ಣ.
ಇವತ್ತಿಂದ ಇದೆ, ಅಂದೆ.
ಎಷ್ಟು?
ನಲವತ್ತೆರಡು ಸಾವಿರ.

ಹುಡುಗ ನಕ್ಕ. ತಮಾಷೆ ಅಂದುಕೊಂಡ.
ಅಷ್ಟರಲ್ಲಿ ಫೋನು ಬಂತು,
ಮಾತಾಡುತ್ತ ರಸ್ತೆಯ ಆಚೆ ಹೋದ.

ನಾನು ಇಳಿಯಲಿಲ್ಲ.
ಬ್ರಷ್ಷು ಟರ್ಪೆಂಟೈನಲ್ಲಿ ನೆನೆಯುತ್ತಿತ್ತು.