ಕೊನೆಯ ಎರಡಂಕಿ

ಗಡಿಯಾರದ ಅಂಗಡಿಗೆ ಯಾರೂ ಪಿಸ್ತೂಲು ತರುವುದಿಲ್ಲ.
ಪಿಯೆದಾದ್ ಬಾಯಿ ತಂದಳು, ಬೈತಖೋಲದಿಂದ, ಟೆಂಪೋದಲ್ಲಿ,
ಒಣಬಂಗಡೆಯ ಚೀಲದ ತಳದಲ್ಲಿ;
ಗಂಡನ ಲೈಸೆನ್ಸು, ಅವನ ಮರಣದ ದಾಖಲೆ,
ಠಾಣೆಯವರು ಕೊಟ್ಟ ತಿಂಗಳ ಗಡುವು,
ಎಲ್ಲ ಒಂದೇ ಗಂಟು.

"ಹುಬ್ಬಳ್ಳಿಯ ದಲಾಲ ನಾಳೆ ಬರುತ್ತಾನೆ ವೆರ್ಣೇಕರ್,
ಅವನು ಬಾಯಿ ಬಿಡುವ ಮೊದಲು
ನನ್ನದೊಂದು ಲೆಕ್ಕ ಇರಲಿ."

ಬೆಳಗಾವಿಯ ಬಂದೂಕಿನಂಗಡಿಯಲ್ಲಿ
ಆರು ವರ್ಷ ಅರ ಉಜ್ಜಿದವನು ನಾನು. ಕೈ ಮರೆತಿರಲಿಲ್ಲ.
ಕದ ಅರ್ಧ ಎಳೆದೆ. ಗುಂಡಿನ ಗೂಡು ಕಳಚಿದೆ, ಖಾಲಿ.
ಕೀಲು ಮಡಚಿ ಒಳಗಿಣುಕಿದೆ, ಖಾಲಿ.
ಆಮೇಲೆಯೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡದ್ದು.

ಒಂದು ಕಿರೀಟ. ಅದರಡಿ ಎರ್ಫುರ್ಟ್ ಎಂಬ ಊರು.
ಸಾವಿರದ ಒಂಬೈನೂರ ಹದಿನೇಳು.
ಸಣ್ಣ ಮೊಳೆಯನ್ನೂ ಬಿಡದೆ ಅಂಕಿ ಕೊರೆದಿದ್ದಾರೆ ಪುಣ್ಯಾತ್ಮರು:
ಮೈಗೆ ನಾಲ್ಕು, ಮಿಕ್ಕ ತುಂಡುಗಳಿಗೆ ಕೊನೆಯ ಎರಡು.
ಕೀಲಿಗೆ ಅರವತ್ತಮೂರು. ಕುದುರೆಗೆ ಅರವತ್ತಮೂರು.
ಮಗ್ಗುಲ ತಗಡಿಗೂ ಅರವತ್ತಮೂರು.
ನಳಿಕೆಗೆ ಮಾತ್ರ ಹದಿನೆಂಟು.

"ಇದು ಬೇರೆ ಮನೆಯದು" ಎಂದೆ.
ಯುದ್ಧ ಸೋತವರಿಗೆ ದೊಡ್ಡ ನಳಿಕೆ ಕೂಡದೆಂದು
ಸಣ್ಣದು ತೊಡಿಸಿದ್ದಾರೆ.
ಅದರಿಂದಲೇ ಇಲ್ಲಿ ಲೈಸೆನ್ಸು ಸಿಕ್ಕಿತು,
ಅದರಿಂದಲೇ ಬೆಲೆ ಅರ್ಧ ಇಳಿಯಿತು.
"ಸೊಸೆ ಅನ್ನಿ ಹಾಗಾದರೆ" ಎಂದಳು ಬಾಯಿ.

ಮಾವ ಕೊಂಡದ್ದು ಮುರ್ಮಗೋವಾದಲ್ಲಂತೆ,
ಎರಡನೆಯ ಯುದ್ಧಕ್ಕೆ ಹೆದರಿ ಲಂಗರು ಬಿಟ್ಟು ಕೂತ
ಹಡಗಿನ ಅಡುಗೆಯವನಿಂದ, ಎರಡು ಕೊಡ ಫೆಣಿಗೆ.
"ಅಸಲು ಬರೆದುಕೊಳ್ಳಿ: ಎರಡು ಕೊಡ."

ಹಿಡಿಯ ಅಕ್ರೋಟಿನ ಹಲಗೆ ಒಂದೇ ಉಳಿದಿದೆ.
ಇನ್ನೊಂದು ಹಲಸು, ಕೋಡಿಬಾಗದ ಮೇಸ್ತನ ಕೈ,
ಗೆರೆ ಒಂದೂ ಓರೆಯಿಲ್ಲ. ಆದರೂ ಕಳೆ ನಾಲ್ಕು ಸಾವಿರ.
ಇನಾಸ ಪ್ರತಿ ಚುನಾವಣೆಗೂ ಠಾಣೆಗೊಪ್ಪಿಸುವ ಮುನ್ನಾದಿನ
ಮರಳುಕಾಗದ ಹಿಡಿದು ಕೂರುತ್ತಿದ್ದನಂತೆ,
ಪೊಲೀಸರೆದುರು ಮರ್ಯಾದೆಯ ಪ್ರಶ್ನೆ.
ಆ ಹೊಳಪಿಗೆ ಜರ್ಮನರ ನೀಲಿಯೆಲ್ಲ ಹೋಯಿತು.
ಹಳೆಯದರ ಪೇಟೆಯಲ್ಲಿ ಕೊಳೆಗೇ ರೇಟು, ಬಾಯಿ,
ತೊಳೆದರೆ ತೀರಿತು.

ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಸುರುಳಿಗೆರೆ ಚೂಪಾಗಿದೆ, ಹೆಚ್ಚು ಉಂಡದ್ದಲ್ಲ.
ನಡುವೆ ಮಾತ್ರ ತುಕ್ಕು ತಿಂದ ಹೊಂಡಗಳು, ಸಿಡುಬಿನ ಹಾಗೆ:
ಹಾರಿಸಿ, ಒರೆಸದೆ, ಉಪ್ಪುಗಾಳಿಗೆ ಬಿಟ್ಟದ್ದು.
ಪುಸ್ತಕದಲ್ಲಿ ಗುಂಡು ಇಪ್ಪತ್ತೈದು.
ಡಬ್ಬಿಯಲ್ಲಿ ಇಪ್ಪತ್ತನಾಲ್ಕು.

"ಇನ್ನೊಂದು?"
ದಲಾಲನೂ ಕೇಳುವ ಪ್ರಶ್ನೆಯೇ ಅದು.

ಅವಳು ಗೋಡೆಯ ಗಡಿಯಾರಗಳನ್ನು ನೋಡಿದಳು,
ಒಂದೊಂದರಲ್ಲೂ ಒಂದೊಂದು ಹೊತ್ತು.
"ಮಿಂಗೆಲನ ದೋಣಿ ಬರಲಿಲ್ಲವಲ್ಲ, ಆವತ್ತು.
ದೇವಗಡದ ದೀಪವೂ ಕಾಣದಷ್ಟು ಮಬ್ಬು.
ದಡ ಯಾವ ಕಡೆಯೆಂದು ತಮ್ಮನಿಗೆ ತಿಳಿಯಲಿ ಅಂತ
ಇವರು ಬಂದರದ ಕಲ್ಲು ಹತ್ತಿ ಆಕಾಶಕ್ಕೆ ಹೊಡೆದರು.
ಒಂದೇ.
ಮತ್ತೊಂದು ಹೊಡೆದರೆ
ಆ ಸದ್ದಿನಲ್ಲಿ ಅವನ ಕೂಗು ಮುಳುಗೀತು ಅಂತ
ಬೆಳಗಿನ ತನಕ ಕಿವಿಯಾಗಿ ನಿಂತರು."

ಪೆನ್ಸಿಲ್ ಕಿವಿಗೆ ಸಿಕ್ಕಿಸಿದೆ, ಮತ್ತೆ ತೆಗೆದೆ.
"ಬರೆಯಿರಿ" ಎಂದಳು, "ಅವನು ಹೇಗೂ ನೋಡುತ್ತಾನೆ."
ಬರೆದೆ: ನಳಿಕೆ, ಒಳಗೆ ಕಲೆ, ಕಳೆ ಆರು ಸಾವಿರ.
ಎಂಬತ್ತು ಹೇಳು, ಎಪ್ಪತ್ತೆರಡರಿಂದ ಕೆಳಗಿಳಿಯಬೇಡ.
ಗುಂಡಿನ ಡಬ್ಬಿ ಲೆಕ್ಕದಲ್ಲಿಲ್ಲ, ಅದು ಠಾಣೆಗೆ.

ಚೀಟಿ ರವಿಕೆಯೊಳಗೆ ಹೋಯಿತು, ಪಿಸ್ತೂಲು ಬಂಗಡೆಯಡಿಗೆ.
ಮೂರು ಬಂಗಡೆ ನನ್ನ ಮೇಜಿನ ಮೇಲೆ, ಕೂಲಿಯೆಂದು.
ಮೆಟ್ಟಿಲಿಳಿದವಳು ತಿರುಗಿ ನಿಂತಳು:
"ನಮ್ಮ ಅರವತ್ತಮೂರರ ನಳಿಕೆ
ಯಾರದೋ ಮನೆಯಲ್ಲಿ ಇದ್ದೀತು, ಅಲ್ಲವೇ?"

ಇದ್ದೀತು, ಎಂದೆ.